ಅಂಗಡಿಯ ಇಂಗ್ಲಿಷು, ಹಿರಿಯರ ಮೌನ

ಬೇಸಿಗೆ ಬಂತೆಂದರೆ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ವಿಮಾನ ನಿಲ್ದಾಣಗಳಲ್ಲಿ ನಮ್ಮವರ ತಂದೆತಾಯಿಯರು, ಅತ್ತೆಮಾವಂದಿರು ಚಟ್ನಿಪುಡಿ, ಹುರಿಗಡಲೆ, ಹಪ್ಪಳಗಳ ಪೆಟ್ಟಿಗೆ ಸಮೇತ ಬಂದಿಳಿಯುತ್ತಾರೆ. ಸಾಮಾನ್ಯವಾಗಿ ಆರು ತಿಂಗಳ ವಾಸ. ಮೊದಲ ವಾರ ನಿದ್ದೆಯ ಹೊತ್ತು ಸರಿಹೋಗುವುದರಲ್ಲಿ ಕಳೆಯುತ್ತದೆ. ಎರಡನೆಯ ವಾರ ದೇವಸ್ಥಾನ, ನೆಂಟರಿಷ್ಟರ ಮನೆ. ಆಮೇಲೆ ಮಗ ಸೊಸೆ ಕೆಲಸಕ್ಕೆ ಹೋದರೆ ಹಗಲೆಲ್ಲ ಮನೆಯಲ್ಲಿ ಇಬ್ಬರೇ. ಹೊರಗೆ ಸುಡುವ ಬಿಸಿಲು. ನಡೆದು ಹೋಗುವಷ್ಟು ದೂರದಲ್ಲಿ ಒಂದು ಬೀಡಾ ಅಂಗಡಿಯೂ ಇಲ್ಲ. ಕಾರು ಓಡಿಸಲಾರದ ಹಿರಿಯರಿಗೆ ವಾರಕ್ಕೊಮ್ಮೆ ಹೊರಗಿನ ಮನುಷ್ಯರ ಮುಖ ಕಾಣುವ ಜಾಗವೆಂದರೆ ದಿನಸಿ ಅಂಗಡಿ. ಅಲ್ಲಿಯೂ ಅವರು ಬಾಯಿ ಬಿಡುವುದಿಲ್ಲ. ತಳ್ಳುಗಾಡಿಯ ಹಿಂದೆ ನಿಂತಿರುತ್ತಾರೆ. ಗಲ್ಲಾದ ಹುಡುಗಿ ಅವರನ್ನೇ ನೋಡಿ ಮಾತಾಡಿಸಿದರೂ ಉತ್ತರ ಮಗನ ಬಾಯಿಂದ ಬರುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸಂಘ ಪ್ರತಿ ಬೇಸಿಗೆಯಲ್ಲಿ ಈ ಹಿರಿಯರಿಗೆ ಅಂಗಡಿಯ ಇಂಗ್ಲಿಷನ್ನು ಕಲಿಸಬೇಕು. ಇಂಗ್ಲಿಷ್ ಭಾಷೆಯನ್ನಲ್ಲ, ಅಂಗಡಿಯ ಇಂಗ್ಲಿಷನ್ನು ಮಾತ್ರ. ಅದಕ್ಕೆ ಬೇಕಾದರೆ ವರ್ಷಕ್ಕೊಂದು ರಸಸಂಜೆ ಕಡಿಮೆಯಾದರೂ ಚಿಂತೆಯಿಲ್ಲ.

"ಕನ್ನಡ ಸಂಘ ಇಂಗ್ಲಿಷ್ ಕಲಿಸುವುದೇ? ಇದೊಳ್ಳೆ ಕಥೆಯಾಯಿತಲ್ಲ!" ಎಂದು ಹುಬ್ಬೇರಿಸುವವರಿಗೆ ಮುಂದೆ ಉತ್ತರ ಹೇಳುತ್ತೇನೆ. ಅದಕ್ಕೂ ಮೊದಲು ಈ ಮೌನ ಎಲ್ಲಿಂದ ಬಂತೆಂದು ನೋಡೋಣ.

ನಮ್ಮ ಊರಿನ ದಿನಸಿ ಅಂಗಡಿಯಲ್ಲಿ ಮಾತಿಲ್ಲದೆ ಏನೂ ಸಿಗುತ್ತಿರಲಿಲ್ಲ. ಸಾಮಾನೆಲ್ಲ ಶೆಟ್ಟರ ಬೆನ್ನ ಹಿಂದೆ. ನಾವು ಕಟ್ಟೆಯ ಈಚೆ. ಹೆಸರು ಹೇಳಬೇಕು, ತೂಕ ಹೇಳಬೇಕು, ಹೋದ ಸಲದ ಬೇಳೆ ಬೇಯಲಿಲ್ಲವೆಂದು ದೂರಬೇಕು, ಮೇಲೆ ಒಂದಿಷ್ಟು ಕೊಸರಬೇಕು. ಅಮೆರಿಕದಲ್ಲಿಯೂ ಒಂದು ಕಾಲಕ್ಕೆ ಹೀಗೆಯೇ ಇತ್ತು. 1916ರಲ್ಲಿ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆದು, ಗಿರಾಕಿಯೇ ಒಳಗೆ ನಡೆದು ತನಗೆ ಬೇಕಾದ್ದನ್ನು ಬುಟ್ಟಿಗೆ ಹಾಕಿಕೊಳ್ಳುವ ಪದ್ಧತಿಯನ್ನು ತಂದ. ಅಲ್ಲಿಂದ ಮುಂದೆ ಅಂಗಡಿಯೊಳಗೆ ಮಾತಿನ ಅಗತ್ಯ ಕಡಿಮೆಯಾಗುತ್ತ ಹೋಯಿತು. ನಮ್ಮ ಟೆಕ್ಸಾಸಿನ ಎಚ್.ಇ.ಬಿ. ಕೂಡ 1905ರಲ್ಲಿ ಕೆರ್‌ವಿಲ್ ಎಂಬ ಊರಿನಲ್ಲಿ ಫ್ಲಾರೆನ್ಸ್ ಬಟ್ ಎಂಬ ಗೃಹಿಣಿ 60 ಡಾಲರ್ ಹೂಡಿ ತನ್ನ ಮನೆಯ ಕೆಳ ಅಂತಸ್ತಿನಲ್ಲಿ ತೆರೆದ ಪುಟ್ಟ ದಿನಸಿ ಅಂಗಡಿಯೇ. ಆಕೆ ನಮ್ಮ ಅಮ್ಮಂದಿರೊಡನೆ ಗಂಟೆಗಟ್ಟಲೆ ಮಾತಾಡುತ್ತಿದ್ದಳೋ ಏನೋ! ಈಗ ಅದೇ ಹೆಸರಿನ ಮಳಿಗೆಯೊಳಗೆ ಒಂದು ಗಂಟೆ ಸುತ್ತಿ ಗಾಡಿ ತುಂಬಿಸಿದರೂ ಒಂದು ಶಬ್ದ ಆಡಬೇಕಾಗಿಲ್ಲ. ಮಾತೆಲ್ಲ ಕೊನೆಯ ಒಂದು ನಿಮಿಷಕ್ಕೆ, ಗಲ್ಲಾದ ಮುಂದಕ್ಕೆ, ಉಳಿದಿದೆ.

ಆ ಒಂದು ನಿಮಿಷದಲ್ಲಿ ಬರುವ ಪ್ರಶ್ನೆಗಳು ಎಷ್ಟು? ಲೆಕ್ಕ ಹಾಕಿ ನೋಡಿದರೆ ಏಳೆಂಟಕ್ಕಿಂತ ಹೆಚ್ಚಿಲ್ಲ. ಹೇಗಿದ್ದೀರಿ, ಬೇಕಾದ್ದೆಲ್ಲ ಸಿಕ್ಕಿತೇ, ನಮ್ಮಲ್ಲಿ ನಿಮ್ಮ ಫೋನ್ ನಂಬರು ಇದೆಯೇ, ಚೀಲ ಬೇಕೇ, ಡೆಬಿಟ್ಟೋ ಕ್ರೆಡಿಟ್ಟೋ, ಕ್ಯಾಶ್ ಬ್ಯಾಕ್ ಬೇಕೇ, ಮೊತ್ತವನ್ನು ಪೂರ್ತಿ ಡಾಲರಿಗೆ ಏರಿಸಿ ಉಳಿದದ್ದನ್ನು ಧರ್ಮಕ್ಕೆ ಕೊಡುತ್ತೀರಾ, ರಸೀದಿ ಚೀಲದಲ್ಲಿ ಹಾಕಲೇ. ಇಷ್ಟೇ. ಆದರೆ ಅವು ಪುಸ್ತಕದ ಇಂಗ್ಲಿಷಿನಲ್ಲಿ ಬರುವುದಿಲ್ಲ, ಟೆಕ್ಸಾಸಿನ ರಾಗದಲ್ಲಿ, ಅರ್ಧ ನುಂಗಿದ ಅಕ್ಷರಗಳಲ್ಲಿ ಬರುತ್ತವೆ. ನಮ್ಮ ಹಿರಿಯರಲ್ಲಿ ಬಹಳ ಮಂದಿ ಕನ್ನಡ ಶಾಲೆಯಲ್ಲಿ ಓದಿ, ಮಧ್ಯದಲ್ಲಿ ಇಂಗ್ಲಿಷ್ ಆರಂಭಿಸಿದವರು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ಅವರು ಕಲಿತದ್ದು ಕರ್ತರಿ ಕರ್ಮಣಿ ಪ್ರಯೋಗ, ಪತ್ರಲೇಖನ, ಪದ್ಯದ ಕಂಠಪಾಠ. ಮುಖ್ಯೋಪಾಧ್ಯಾಯರಿಗೆ ರಜೆಯ ಅರ್ಜಿಯನ್ನು ಇವತ್ತಿಗೂ ತಪ್ಪಿಲ್ಲದೆ ಬರೆದಾರು. "ಪೇಪರ್ ಆರ್ ಪ್ಲಾಸ್ಟಿಕ್?" ಎಂದರೆ ತಬ್ಬಿಬ್ಬಾಗುತ್ತಾರೆ. (ಈ ಚೀಲದ ವ್ಯವಹಾರ ಇಲ್ಲಿನವರಿಗೇ ಗೊಂದಲ. ಆಸ್ಟಿನ್ ನಗರ 2013ರಲ್ಲಿ ತೆಳು ಚೀಲಗಳನ್ನು ನಿಷೇಧಿಸಿತು. 2018ರಲ್ಲಿ ಲರೇಡೊ ಊರಿನ ಮೊಕದ್ದಮೆಯಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟು ಅಂಥ ನಿಷೇಧ ಸಲ್ಲದೆಂದಿತು. ಡಲ್ಲಾಸಿನಲ್ಲಿ 2015ರಲ್ಲಿ ಚೀಲಕ್ಕೆ ಐದು ಸೆಂಟು ಹಾಕಿ, ಕೆಲವೇ ತಿಂಗಳಲ್ಲಿ ಕೈಬಿಟ್ಟರು.)

ಇನ್ನು ಹುಬ್ಬೇರಿಸಿದವರಿಗೆ ಉತ್ತರ. ಈ ಪಾಠವನ್ನು ಕನ್ನಡಿಗರೇ ಏಕೆ ಹೇಳಬೇಕೆಂದರೆ, ನಮ್ಮ ಹಿರಿಯರು ಎಲ್ಲಿ ಎಡವುತ್ತಾರೆಂಬುದು ಕನ್ನಡ ಬಲ್ಲವರಿಗೆ ಮಾತ್ರ ಗೊತ್ತಾಗುತ್ತದೆ. ಎರಡು ಉದಾಹರಣೆ ಕೊಡುತ್ತೇನೆ.

"ಚೀಲ ಬೇಡವಾ ಅಮ್ಮಾ?" ಎಂದು ನಮ್ಮ ಅಂಗಡಿಯವನು ಕೇಳಿದರೆ, ಬೇಡದಿದ್ದಾಗ ನಾವು "ಹೂಂ" ಎನ್ನುತ್ತೇವೆ. ಅಂದರೆ, ನೀನು ಹೇಳಿದ್ದು ಸರಿ, ಬೇಡ ಎಂದು. ಇಂಗ್ಲಿಷಿನಲ್ಲಿ "ಯು ಡೋಂಟ್ ನೀಡ್ ಎ ಬ್ಯಾಗ್?" ಎಂಬುದಕ್ಕೆ ಬೇಡದಿದ್ದರೆ "ನೋ" ಎನ್ನಬೇಕು. ನಮ್ಮ ತಾಯಿ "ಯೆಸ್" ಎನ್ನುತ್ತಾರೆ, ಹುಡುಗಿ ಚೀಲ ತೆಗೆಯುತ್ತಾಳೆ, ತಾಯಿ "ನೋ ನೋ" ಎಂದು ಕೈ ಆಡಿಸುತ್ತಾರೆ, ಜೊತೆಗೆ ತಲೆಯನ್ನೂ ನಮ್ಮ ರೀತಿಯಲ್ಲಿ ಅಲ್ಲಾಡಿಸುತ್ತಾರೆ. ಹಿಂದೆ ಸಾಲಿನಲ್ಲಿ ನಿಂತವರು ಗಡಿಯಾರ ನೋಡುತ್ತಾರೆ. ಮರುವಾರದಿಂದ ಆ ತಾಯಿ ಗಲ್ಲಾದ ಹತ್ತಿರ ಬರುವುದಿಲ್ಲ.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ಕನ್ನಡದಲ್ಲಿ ಮರ್ಯಾದೆ ಇರುವುದು ಕ್ರಿಯಾಪದದ ಬಾಲದಲ್ಲಿ. "ಕೊಡು" ಎಂದರೆ ಸಲಿಗೆ, "ಕೊಡಿ" ಎಂದರೆ ಗೌರವ. ಬೇರೆ ಶಬ್ದ ಬೇಕಾಗಿಲ್ಲ. "ದಯವಿಟ್ಟು" ಎಂಬುದು ಅರ್ಜಿಯಲ್ಲಿ, ರೈಲ್ವೆ ನಿಲ್ದಾಣದ ಫಲಕದಲ್ಲಿ ಕಾಣುವ ಮಾತೇ ಹೊರತು ಒಂದು ಕಟ್ಟು ಕರಿಬೇವು ಕೊಳ್ಳುವಾಗ ಯಾರೂ ಹೇಳುವುದಿಲ್ಲ. "ಒಂದು ಚೀಲ ಕೊಡಿ" ಎಂಬುದನ್ನು ನಮ್ಮ ತಂದೆ ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿ "ಗಿವ್ ಒನ್ ಬ್ಯಾಗ್" ಎಂದಾಗ ಆ ಗೌರವದ ಬಾಲ ದಾರಿಯಲ್ಲಿ ಕಳಚಿ ಬಿದ್ದಿರುತ್ತದೆ. ಕೇಳಿದವರಿಗೆ ಅದು ಯಜಮಾನನ ಅಪ್ಪಣೆಯಂತೆ ಕಾಣುತ್ತದೆ. ಜೀವನವಿಡೀ ಯಾರಿಗೂ ಏಕವಚನದಲ್ಲಿ ಮಾತಾಡದ ಮೇಷ್ಟ್ರು ಇಲ್ಲಿ ಒರಟರೆನ್ನಿಸಿಕೊಳ್ಳುತ್ತಾರೆ. "ಥ್ಯಾಂಕ್ಯೂ" ಕೂಡ ಹಾಗೆಯೇ. ನಮ್ಮಲ್ಲಿ ದುಡ್ಡು ಕೊಟ್ಟು ಸಾಮಾನು ತಂದವರು ಧನ್ಯವಾದ ಹೇಳುವ ವಾಡಿಕೆಯಿಲ್ಲ, "ಬರ್ತೀನಿ" ಎಂದರೆ ಮುಗಿಯಿತು. ಇದನ್ನು ಅವರಿಗೆ ಕನ್ನಡದಲ್ಲಿ ಕೂರಿಸಿಕೊಂಡು ವಿವರಿಸಿದರೆ ಹತ್ತು ನಿಮಿಷದ ಕೆಲಸ. ಅಮೆರಿಕದ ಮೇಷ್ಟರಿಗೆ ಇದು ಹೊಳೆಯುವುದು ಕಷ್ಟ. ಅಂದಹಾಗೆ ಟೆಕ್ಸಾಸಿನವರ "ಯಾಲ್" ಎಂಬ ಮಾತನ್ನು ನಮ್ಮ ಹಿರಿಯರು ಬೇಗ ಹಿಡಿಯುತ್ತಾರೆ. ಇಂಗ್ಲಿಷಿನ ಯೂ ಒಂದೇ ಇದ್ದದ್ದು ಇವರಿಗೂ ಸಾಲದೆ ಹೋಯಿತು ನೋಡಿ, ಬಹುವಚನಕ್ಕೆ ಬೇರೆ ಮಾಡಿಕೊಂಡರು!

ಇನ್ನು ಪದಗಳ ಮಾತು. ವಿಚಿತ್ರವೆಂದರೆ ಇಂಗ್ಲಿಷ್ ಬಾರದವರಿಗಿಂತ ಭಾರತದ ಇಂಗ್ಲಿಷ್ ಬಲ್ಲವರಿಗೆ ಇಲ್ಲಿ ಹೆಚ್ಚು ತೊಂದರೆ. ಬ್ರಿಂಜಾಲ್ ಎಂದರೆ ಯಾರಿಗೂ ತಿಳಿಯದು, ಎಗ್‌ಪ್ಲಾಂಟ್ ಎನ್ನಬೇಕು. ಹೆಸರಿನಲ್ಲಿ ಮೊಟ್ಟೆ ಇದೆಯೆಂದು ಮಡಿಯವರು ಗಾಬರಿಯಾಗಬೇಕಾಗಿಲ್ಲ. ಲೇಡೀಸ್ ಫಿಂಗರ್ ಇಲ್ಲಿ ಓಕ್ರಾ, ಕ್ಯಾಪ್ಸಿಕಂ ಇಲ್ಲಿ ಬೆಲ್ ಪೆಪರ್. ಬಿಸ್ಕತ್ತು ಕೇಳಿದರೆ ಬೆಣ್ಣೆ ಹಾಕಿ ಬೇಯಿಸಿದ ಮೆತ್ತನೆಯ ಬನ್ನಿನಂಥದು ಸಿಗುತ್ತದೆ, ನಮ್ಮ ಬಿಸ್ಕತ್ತು ಇಲ್ಲಿ ಕುಕೀ. ಕರ್ಡ್ಸ್ ಎಂದರೆ ಚೀಸಿನ ತುಂಡು ತೋರಿಸುತ್ತಾರೆ. ಮೊಸರಿಗೆ ಯೋಗರ್ಟ್, ಅದರಲ್ಲೂ ಪ್ಲೇನ್ ಎಂದು ಒತ್ತಿ ಹೇಳದಿದ್ದರೆ ವೆನಿಲಾ ಬೆರೆಸಿದ್ದು ಮನೆಗೆ ಬಂದು ಮೊಸರನ್ನ ಪಾಯಸವಾಗುತ್ತದೆ. ಬಟರ್‌ಮಿಲ್ಕ್ ಎಂದು ಬರೆದಿರುವುದು ಮಜ್ಜಿಗೆಯಲ್ಲ: ಹಾಲಿಗೆ ಹೆಪ್ಪಿನಂಥದನ್ನು ಸೇರಿಸಿ ಹುಳಿ ಬರಿಸಿದ ಗಟ್ಟಿ ದ್ರವ, ಬಹಳ ಸಲ ಉಪ್ಪನ್ನೂ ಹಾಕಿರುತ್ತಾರೆ. ಆದರೂ ಅದನ್ನೇ ಹೆಪ್ಪಾಗಿ ಬಳಸಿ ಮೊಸರು ಮಾಡಿಕೊಂಡ ಮನೆಗಳುಂಟು.

ಟೆಕ್ಸಾಸಿನ ಅಂಗಡಿಯ ಇಂಗ್ಲಿಷು ಅರ್ಧ ಸ್ಪ್ಯಾನಿಷ್ ಎಂಬುದನ್ನೂ ಹೇಳಿಕೊಡಬೇಕು. ಕೊತ್ತಂಬರಿ ಸೊಪ್ಪು ಸಿಲಾಂಟ್ರೋ. ಕೋರಿಯಾಂಡರ್ ಎಂದರೆ ಬೀಜ ಮಾತ್ರ. ಹಾಲಪೇನ್ಯೊ ಎಂಬ ಮೆಣಸಿನಕಾಯಿಯ ಹೆಸರನ್ನು ಜಕಾರದಿಂದ ಬರೆದು ಹಕಾರದಿಂದ ಓದುತ್ತಾರೆ. ಹುಣಸೆ ಟ್ಯಾಮರಿಂಡೋ. ನಮ್ಮ ಸೀಮೆಬದನೆ ಇಲ್ಲಿ ಚಯೋಟೆ, ಮೆಕ್ಸಿಕೋದವರ ಅಂಗಡಿಗಳಲ್ಲಿ ರಾಶಿ ಬಿದ್ದಿರುತ್ತದೆ. ಸೀಮೆಯಿಂದ ಬಂದದ್ದೆಂದು ನಾವು ಹೆಸರಿಟ್ಟ ಕಾಯಿ ಅದರ ತವರಿನ ಪಕ್ಕದಲ್ಲೇ ನಮಗೆ ಸಿಗುತ್ತದೆ! ಅಲಸಂದೆ ಕಾಳು ಬ್ಲ್ಯಾಕ್ ಐಡ್ ಪೀಸ್. ಹೊಸ ವರ್ಷದ ದಿನ ಅದನ್ನು ತಿಂದರೆ ಅದೃಷ್ಟವೆಂದು ಇಲ್ಲಿಯವರ ನಂಬಿಕೆ, ಆದ್ದರಿಂದ ಡಿಸೆಂಬರಿನಲ್ಲಿ ಎಲ್ಲೆಡೆ ಕಾಣುತ್ತದೆ. ಗೋರಿಕಾಯಿಯ ಕಥೆ ಇನ್ನೂ ಸ್ವಾರಸ್ಯ. ಉತ್ತರ ಟೆಕ್ಸಾಸಿನ ವರ್ನನ್ ಸುತ್ತಮುತ್ತ ಅದನ್ನು ಗ್ವಾರ್ ಎಂದು ಹೊಲದಲ್ಲಿ ಬೆಳೆಯುತ್ತಾರೆ, ಬೀಜದಿಂದ ಅಂಟು ತೆಗೆಯಲಿಕ್ಕೆ. ಪಲ್ಯಕ್ಕೆ ಬೇಕೆಂದರೆ ಮಾತ್ರ ಇಂಡಿಯನ್ ಅಂಗಡಿಯ ಫ್ರೀಜರಿಗೇ ಹೋಗಬೇಕು.

ತಮಾಷೆಯ ಪದಗಳ ನಡುವೆ ತಮಾಷೆಯಲ್ಲದ ಎರಡುಂಟು. ಒಂದು ಲಾರ್ಡ್. ಭಗವಂತನಲ್ಲ, ಹಂದಿಯ ಕೊಬ್ಬು. ಅರೆದ ಹುರುಳಿಯ ಡಬ್ಬಿಯಲ್ಲಿ, ಕೆಲವು ಟಾರ್ಟಿಯಾಗಳಲ್ಲಿ ಇರುತ್ತದೆ; ಸ್ಪ್ಯಾನಿಷಿನಲ್ಲಿ ಮಾಂಟೆಕಾ. ಎಪ್ಪತ್ತು ವರ್ಷ ಸಸ್ಯಾಹಾರಿಯಾಗಿ ಬಾಳಿದವರಿಗೆ ಈ ಎರಡು ಶಬ್ದ ಗೊತ್ತಿರುವುದು ಅವರ ಹಕ್ಕು. ಇನ್ನೊಂದು ಔಷಧದ ಸಾಲಿನಲ್ಲಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಹುಡುಕಿದರೆ ಇಲ್ಲಿ ಆ ಹೆಸರಿನ ಡಬ್ಬಿಯೇ ಇಲ್ಲ. ಅಸಿಟಮಿನೋಫೆನ್ ಎಂದು ಬರೆದಿರುತ್ತದೆ, ಜನ ಟೈಲನಾಲ್ ಎನ್ನುತ್ತಾರೆ. ವಸ್ತು ಒಂದೇ. ಇದು ಗೊತ್ತಿಲ್ಲದೆ ಊರಿನಿಂದ ತಂದ ಮಾತ್ರೆಯ ಮೇಲೆ ಇಲ್ಲಿಯದನ್ನೂ ನುಂಗಿದರೆ ಒಂದೇ ಔಷಧ ಎರಡು ಪಾಲಾಗುತ್ತದೆ, ಯಕೃತ್ತಿಗೆ ಅಪಾಯ.

ದುಡ್ಡಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಊರಿನಲ್ಲಿ ಎಂ.ಆರ್.ಪಿ. ಎಂದರೆ ಎಲ್ಲ ತೆರಿಗೆ ಸೇರಿದ ಬೆಲೆ. ಇಲ್ಲಿ ಚೀಟಿಯಲ್ಲಿ ಒಂದು ಬೆಲೆ, ಗಲ್ಲಾದಲ್ಲಿ ಇನ್ನೊಂದು. ರಾಜ್ಯದ್ದು 6.25, ಊರಿನದು ಸೇರಿ ನಮ್ಮ ಮೂರೂ ನಗರಗಳಲ್ಲಿ ನೂರಕ್ಕೆ 8.25. ಅಕ್ಕಿ, ಹಾಲು, ತರಕಾರಿಗೆ ಇಲ್ಲ. ಸಾಬೂನು, ಚಾಕೊಲೇಟಿಗೆ ಉಂಟು. ಇದನ್ನು ಹೇಳದಿದ್ದರೆ ಲೆಕ್ಕದಲ್ಲಿ ಚುರುಕಾದ ಅಪ್ಪನವರಿಗೆ ಪ್ರತಿ ಸಲವೂ ಮೋಸ ಹೋದೆವೆಂಬ ಗುಮಾನಿ. ನಾಣ್ಯಗಳಲ್ಲಿ ಹತ್ತು ಸೆಂಟಿನ ಡೈಮು ಐದು ಸೆಂಟಿನ ನಿಕ್ಕಲಿಗಿಂತ ಚಿಕ್ಕದು, ಮೇಲೆ ಹತ್ತೆಂಬ ಅಂಕೆಯೂ ಇಲ್ಲ. ಕ್ವಾರ್ಟರ್ ಎಂದರೆ ಪಾವಲಿ ಎಂದು ಹೇಳಿದರೆ ಹಳಬರಿಗೆ ತಟ್ಟನೆ ಅರ್ಥವಾಗುತ್ತದೆ. ಪೆನ್ನಿಯನ್ನು 2025ರ ನವೆಂಬರಿನಲ್ಲಿ ಚಲಾವಣೆಗಾಗಿ ಟಂಕಿಸುವುದನ್ನು ನಿಲ್ಲಿಸಿದರು, ಇರುವುದು ಚಲಾವಣೆಯಲ್ಲಿದೆ. ಪೌಂಡು ಎಂದರೆ 454 ಗ್ರಾಂ, ಹೆಚ್ಚುಕಡಿಮೆ ಅರ್ಧ ಕಿಲೋ ಎಂದಿಟ್ಟುಕೊಂಡರೆ ಸಾಕು.

ಇದೆಲ್ಲ ಯಾಕೆ ಮುಖ್ಯವೆಂದರೆ, ನನಗೆ ಪರಿಚಯದ ಒಂದು ಮನೆಗೆ ತಿಪಟೂರಿನ ಕಡೆಯ ತಾಯಿಯೊಬ್ಬರು ಬಂದಿದ್ದರು. ತೆಂಗಿನ ತೋಟದವರು. ಅಂಗಡಿಯಲ್ಲಿ ತೆಂಗಿನಕಾಯಿಯ ರಾಶಿ ಕಂಡರೆ ಸುಮ್ಮನಿರುವುದುಂಟೇ? ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಉಗುರಿನಿಂದ ತಟ್ಟಿ, ಕಣ್ಣಿನ ಹತ್ತಿರ ಒತ್ತಿ ನೋಡಿ ಪಕ್ಕಕ್ಕಿಡುತ್ತಿದ್ದರು. ಪಕ್ಕದಲ್ಲಿದ್ದ ಅಮೆರಿಕನ್ ಹೆಂಗಸು ಬಹಳ ಕುತೂಹಲದಿಂದ, ಒಳ್ಳೆಯದನ್ನು ಹೇಗೆ ಗುರುತಿಸುತ್ತೀರಿ ಎಂದು ಅವರನ್ನೇ ಕೇಳಿದಳು. ಆ ಜಾಗದಲ್ಲಿ ಆ ಪ್ರಶ್ನೆಗೆ ಉತ್ತರ ಹೇಳಲು ಅವರಷ್ಟು ಅರ್ಹರು ಬೇರೆ ಯಾರೂ ಇರಲಿಲ್ಲ. ಆದರೆ ಮಗಳು ಓಡಿಬಂದು "ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ" ಎಂದು ತಾನೇ ಏನೋ ಹೇಳಿ ಮುಗಿಸಿದಳು. ಮಗಳಿಗೆ ತೆಂಗಿನಕಾಯಿಯ ವಿಷಯ ಅಷ್ಟಾಗಿ ಗೊತ್ತಿರಲಿಲ್ಲ. ತಾಯಿ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು. "ಶೇಕ್. ವಾಟರ್ ಸೌಂಡ್. ಗುಡ್." ಇಷ್ಟು ಮಾತು ಸಾಕಿತ್ತು. ಈ ನಾಲ್ಕು ಶಬ್ದ ಅವರಿಗೆ ಗೊತ್ತಿಲ್ಲದ್ದೇನಲ್ಲ. ಹೇಳಿದರೆ ಮಗಳಿಗೆ ನಾಚಿಕೆಯಾದೀತೆಂಬ ಭಯ. ನಮ್ಮ ಮನೆಗಳ ರೋಗ ಇರುವುದು ಇಲ್ಲಿ. ಅಮ್ಮ "ಐ ವಾಂಟ್ ಪೊಟ್ಯಾಟೊ" ಎಂದರೆ ಟೆಕ್ಸಾಸ್ ಮುಳುಗುವುದಿಲ್ಲ. ಪಕ್ಕದ ಸಾಲಿನಲ್ಲಿ ಮೆಕ್ಸಿಕೋದ ಅಜ್ಜಿ ಅದಕ್ಕಿಂತ ಕಡಿಮೆ ಇಂಗ್ಲಿಷಿನಲ್ಲಿ ನಗುನಗುತ್ತ ವ್ಯಾಪಾರ ಮುಗಿಸಿ ಹೋಗುತ್ತಾಳೆ.

ಫೋನಿದೆಯಲ್ಲ, ಅದೇ ಅನುವಾದಿಸುತ್ತದೆ ಎನ್ನುವವರಿದ್ದಾರೆ. ಗೂಗಲ್ಲಿನಲ್ಲಿ ಕನ್ನಡ 2011ರಿಂದಲೇ ಇದೆ, ನಿಜ. ಆದರೆ ಬಟರ್‌ಮಿಲ್ಕ್ ಎಂದರೆ ಮಜ್ಜಿಗೆ ಎಂದು ಅದು ಹೇಳಿದರೆ ಗತಿಯೇನು? ಸೆಲ್ಫ್ ಚೆಕ್‌ಔಟ್ ಯಂತ್ರವಿದೆಯಲ್ಲ ಎಂಬುದು ಇನ್ನೊಂದು ಸಲಹೆ. ಮಾತಾಡಲು ಮನುಷ್ಯರಿಲ್ಲದೆ ಸೊರಗಿದವರನ್ನು ಯಂತ್ರದ ಮುಂದೆ ನಿಲ್ಲಿಸುವುದು ಯಾವ ಉಪಕಾರವೋ ನಾನರಿಯೆ. ಹ್ಯೂಸ್ಟನ್ನಿನವರು ಹಿಲ್‌ಕ್ರಾಫ್ಟ್ ರಸ್ತೆಯನ್ನು ತೋರಿಸುತ್ತಾರೆ. 2010ರಲ್ಲಿ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂಬ ಹೆಸರು ಬಂದ ಆ ಪ್ರದೇಶದಲ್ಲಿ ಸೀರೆಯಿಂದ ಸಾಂಬಾರು ಪುಡಿಯವರೆಗೆ ಎಲ್ಲವೂ ಉಂಟು, ಹಿರಿಯರ ಮುಖ ಅರಳುವುದೂ ಉಂಟು. ಆದರೆ ಅಲ್ಲಿ ನಡೆಯುವುದು ಹೆಚ್ಚಾಗಿ ಹಿಂದಿ, ಗುಜರಾತಿ. ಹಾಸನದ, ಸಾಗರದ ಅಜ್ಜಿಗೆ ಹಿಂದಿಯೂ ಅಷ್ಟಕ್ಕಷ್ಟೇ. ಅಲ್ಲದೆ ಹಾಲಿಗೆ, ಮಾತ್ರೆಗೆ ಹಿಲ್‌ಕ್ರಾಫ್ಟಿಗೆ ಹೋಗುತ್ತಾರೆಯೇ?

ಸಂದರ್ಶಕ ವೀಸಾದಲ್ಲಿ ಬಂದವರು ಕಾಲೇಜಿನ ಕ್ರಮಬದ್ಧ ತರಗತಿಗೆ ಸೇರುವಂತಿಲ್ಲ. ಸಾರ್ವಜನಿಕ ಗ್ರಂಥಾಲಯಗಳ ಪುಕ್ಕಟೆ ಸಂಭಾಷಣೆ ಕೂಟಗಳು ಒಳ್ಳೆಯವು. ಆಸ್ಟಿನ್ ಗ್ರಂಥಾಲಯದ ಟಾಕ್ ಟೈಮ್ ಅಂಥದು. ಸ್ವಲ್ಪ ಧೈರ್ಯ ಬಂದ ಮೇಲೆ ಅಲ್ಲಿಗೆ ಕಳಿಸಬಹುದು. ಆ ಮೊದಲ ಧೈರ್ಯವನ್ನು ಕೊಡುವುದು ನಮ್ಮ ಕೆಲಸ.

ನಾನು ಸೂಚಿಸುವ ಏರ್ಪಾಡು ಸರಳವಾದುದು. ವಾರದ ನಡುವೆ ಬೆಳಗ್ಗೆ ಹತ್ತು ಗಂಟೆಗೆ ಅಂಗಡಿಗಳು ಖಾಲಿ ಇರುತ್ತವೆ. ಐದಾರು ಹಿರಿಯರು, ಕಾರಿರುವ ಒಬ್ಬ ಸ್ವಯಂಸೇವಕರು. ಹೋಗುವ ಮೊದಲು ಯಾರದಾದರೂ ಮನೆಯಲ್ಲಿ ಕಾಫಿ ಕುಡಿಯುತ್ತ ಆ ಏಳೆಂಟು ಪ್ರಶ್ನೆಗಳನ್ನು ಎರಡು ಸಲ ಆಡಿ ನೋಡುವುದು. ಒಬ್ಬರು ಗಲ್ಲಾದವರು, ಒಬ್ಬರು ಗಿರಾಕಿ. ಆಮೇಲೆ ಅಂಗಡಿಯಲ್ಲಿ ಪ್ರತಿಯೊಬ್ಬರೂ ಹತ್ತು ಡಾಲರಿನೊಳಗೆ ಒಂದು ಸಾಮಾನು ಹುಡುಕಿ, ಸಿಗದಿದ್ದರೆ ಕೇಳಿ, ತಾವೇ ಸಾಲಿನಲ್ಲಿ ನಿಂತು ದುಡ್ಡು ಕೊಟ್ಟು ಚಿಲ್ಲರೆ ಎಣಿಸಿಕೊಂಡು ಬರಬೇಕು. ಸ್ವಂತ ಮಕ್ಕಳಿಗೆ ಪ್ರವೇಶವಿಲ್ಲ, ಇದು ನನ್ನ ಕಡ್ಡಾಯ ಷರತ್ತು. ಮಕ್ಕಳಿದ್ದರೆ ಬಾಯಿ ಹಾಕುತ್ತಾರೆ, ಇಲ್ಲವೇ ವ್ಯಾಕರಣ ತಿದ್ದುತ್ತಾರೆ. ಮೊಮ್ಮಕ್ಕಳು ಬರಲಿ. ಭಾನುವಾರದ ಕನ್ನಡ ತರಗತಿಯಲ್ಲಿ ಚಿತ್ರ ನೋಡಿ "ಸೌತೆಕಾಯಿ" ಎನ್ನಲು ತಿಣುಕುವ ಹುಡುಗ ಅಜ್ಜಿಯೊಡನೆ ತರಕಾರಿ ಸಾಲಿನಲ್ಲಿ ನಡೆದರೆ ಇಬ್ಬರಿಗೂ ಪಾಠ.

ಚೌಕಾಸಿ ಇಲ್ಲದ ವ್ಯಾಪಾರ ವ್ಯಾಪಾರವೇ ಅಲ್ಲ ಎನ್ನುವ ಹಿರಿಯರಿಗಾಗಿ ವರ್ಷಕ್ಕೊಂದು ಪ್ರವಾಸವನ್ನೂ ಇಟ್ಟುಕೊಳ್ಳಬಹುದು. ಡಲ್ಲಾಸಿನ ಪೂರ್ವಕ್ಕೆ ಕ್ಯಾಂಟನ್ ಎಂಬ ಊರಿದೆ. ಪ್ರತಿ ತಿಂಗಳ ಮೊದಲ ಸೋಮವಾರದ ಹಿಂದಿನ ದಿನಗಳಲ್ಲಿ ಅಲ್ಲಿ ದೊಡ್ಡ ಸಂತೆ ಸೇರುತ್ತದೆ, ಹತ್ತೊಂಬತ್ತನೆಯ ಶತಮಾನದಿಂದ ಬಂದದ್ದು. "ಈಸ್ ದಟ್ ಯುವರ್ ಬೆಸ್ಟ್ ಪ್ರೈಸ್?" ಎಂಬ ಒಂದು ವಾಕ್ಯ ಕಲಿಸಿಬಿಟ್ಟರೆ ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ. ಮುಖ ತಿರುಗಿಸಿ ನಾಲ್ಕು ಹೆಜ್ಜೆ ನಡೆಯುವ ವಿದ್ಯೆಗೆ ಅನುವಾದ ಬೇಕಾಗಿಲ್ಲ.

ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಎತ್ತುವವನಿದ್ದೇನೆ. ಸಂಪಾದಕರು ಒಂದು ಪುಟ ಬಿಟ್ಟುಕೊಟ್ಟರೆ ಪದಗಳ ಪಟ್ಟಿಯನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ, ಕತ್ತರಿಸಿ ಪರ್ಸಿನಲ್ಲಿಟ್ಟುಕೊಳ್ಳುವಂತೆ ಅಚ್ಚುಹಾಕಿಸಬಹುದು. ನಿಮ್ಮ ಮನೆಯ ಹಿರಿಯರು ಯಾವ ಸಾಮಾನಿನ ಹೆಸರಿಗೆ ತಡವರಿಸಿದರೆಂದು ಕೇಳಿ ಬರೆದು ಕಳಿಸಿ. ಬೆಳಗಿನ ಹೊತ್ತು ಬಿಡುವಿದ್ದು ಕಾರು ಕೊಡಬಲ್ಲವರು ತಾವಿರುವುದು ಪ್ಲೇನೋದಲ್ಲೋ, ಶುಗರ್‌ಲ್ಯಾಂಡಿನಲ್ಲೋ, ರೌಂಡ್ ರಾಕಿನಲ್ಲೋ ಎಂಬುದನ್ನು ತಿಳಿಸಿದರೆ ಮೂರು ಊರಿಗೂ ಬೇರೆ ಬೇರೆ ದಿನ ಗೊತ್ತುಮಾಡಲು ಅನುಕೂಲವಾಗುತ್ತದೆ.